ಮಧ್ಯಾಹ್ನ ಒಂದು ಗಂಟೆಯ ಕೋಳಿ

ನಮ್ಮ ಮನೆಯಿಂದ ಬೆಳಿಗ್ಗೆ ಮೂರು ಡಬ್ಬಿ ಹೊರಡುತ್ತವೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ಡ್ಯೂಟಿ ರೂಮಿನಲ್ಲಿ ಫ್ರಿಜ್ಜೂ ಇದೆ, ಓವನ್ನೂ ಇದೆ, ಊಟಕ್ಕೆ ಇಂಥದೇ ಹೊತ್ತು ಅನ್ನುವುದು ಮಾತ್ರ ಇಲ್ಲ. ಮಗ ಎಂಜಿನಿಯರಿಂಗ್ ಓದುತ್ತಾನೆ. ಅವನಿಗೆ ಅರ್ಧ ಗಂಟೆ ಬಿಡುವು, ಕೂರಲು ಮರದ ಕೆಳಗೊಂದು ಕಲ್ಲುಬೆಂಚು, ಬಿಸಿ ಮಾಡಿಕೊಳ್ಳಲು ಏನೂ ಇಲ್ಲ. ನಾನು ಕಟ್ಟಡಗಳ ವೈರಿಂಗ್ ಕೆಲಸ ಮಾಡಿಸುವ ಕಂಟ್ರಾಕ್ಟರು. ನನ್ನ ಡಬ್ಬಿ ಬೈಕಿನ ಹಿಂದಿನ ಪೆಟ್ಟಿಗೆಯಲ್ಲಿ ಸೈಟಿನಿಂದ ಸೈಟಿಗೆ ಬಿಸಿಲಲ್ಲೇ ಸುತ್ತುತ್ತದೆ. ಅವಳ ಶಿಫ್ಟುಗಳ ದೆಸೆಯಿಂದ ಡಬ್ಬಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು, ಈಗ ಬಿಡು ಅಂದರೂ ಬಿಡುವುದಿಲ್ಲ. ಮದ್ದೂರಿನ ಕಡೆಯವರಾದ ನಮಗೆ ಬಾಡು ಅಂದರೆ ಬಾಯಲ್ಲಿ ನೀರು. ಆದರೆ ಒಂದೇ ಬಾಣಲೆಯಲ್ಲಿ ಬೆಂದ ಕೋಳಿ ಮೂರು ಜಾಗಕ್ಕೆ ಹೋಗಿ ಮೂರು ಬೇರೆ ಅಡುಗೆಯಾಗುತ್ತದೆ. ಬೆಳಿಗ್ಗೆ ಏಳಕ್ಕೆ ಒಲೆಯ ಮುಂದೆ ನಿಂತು ರುಚಿ ನೋಡಿ ತಲೆಯಾಡಿಸಿದರೆ ಸಾಲದು. ಅದು ಮಧ್ಯಾಹ್ನ ಒಂದಕ್ಕೆ ಹೇಗಿರುತ್ತದೆ ಅನ್ನುವುದೇ ಲೆಕ್ಕ.

1. ತಿನ್ನುವ ಜಾಗದಿಂದ ಶುರುಮಾಡಿ

ಇವತ್ತು ಏನು ಮಾಡಲಿ ಎಂದು ಕೇಳಿಕೊಳ್ಳುವ ಮೊದಲು ನಾನು ಬೇರೆ ನಾಲ್ಕು ಕೇಳಿಕೊಳ್ಳುತ್ತೇನೆ. ಎಲ್ಲಿ ಕೂತು ತಿನ್ನುತ್ತಾರೆ? ಎಷ್ಟು ನಿಮಿಷ ಸಿಗುತ್ತದೆ? ಕೈ ತೊಳೆಯಲು ನೀರಿದೆಯಾ? ಮೂಳೆ ಹಾಕಲು ಜಾಗವಿದೆಯಾ? ಕೊನೆಯದು ಸಣ್ಣ ಪ್ರಶ್ನೆ ಅನ್ನಿಸಬಹುದು. ಮನೆಯಲ್ಲಿ ಮೂಳೆ ಚೀಪದೆ ತಿಂದ ಕೋಳಿ ಸಾರು ಸಾರೇ ಅಲ್ಲ. ಕಲ್ಲುಬೆಂಚಿನ ಮೇಲೆ, ಸುತ್ತ ಗೆಳೆಯರು, ಎದುರಿಗೆ ಬಾಲ ಅಲ್ಲಾಡಿಸುವ ಎರಡು ನಾಯಿ ಇರುವಾಗ ಅದೇ ಮೂಳೆ ಪೀಡೆ. ಆದ್ದರಿಂದ ಮಗನ ಡಬ್ಬಿಗೂ ನನ್ನದಕ್ಕೂ ಬೋನ್‌ಲೆಸ್ಸೇ. ಹೆಂಡತಿಗೆ ಮೇಜು, ತಟ್ಟೆ, ಕಸದ ಬುಟ್ಟಿ ಎಲ್ಲ ಇದ್ದರೂ ಅರ್ಧ ಊಟದಲ್ಲಿ ಕರೆ ಬಂದರೆ ಎದ್ದು ಓಡಬೇಕು. ಅವಳಿಗೆ ಚಮಚದಲ್ಲಿ ತಿನ್ನುವಂಥದ್ದು, ಕೈ ಮಸಾಲೆಯಾಗದಂಥದ್ದು ಬೇಕು.

2. ಬಿಸಿಯಾಗಿಡಿ, ಇಲ್ಲವೇ ತಣ್ಣಗಿಡಿ

ಇದೊಂದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಯಾಕೆಂದರೆ ಉಳಿದದ್ದರಲ್ಲಿ ತಪ್ಪಿದರೆ ರುಚಿ ಕೆಡುತ್ತದೆ, ಇದರಲ್ಲಿ ತಪ್ಪಿದರೆ ಹೊಟ್ಟೆ ಕೆಡುತ್ತದೆ.

ಬೆಂದ ಆಹಾರ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು, ಇಲ್ಲದಿದ್ದರೆ 60ಕ್ಕಿಂತ ಮೇಲಿರಬೇಕು. ನಡುವಿನ ಉಗುರುಬೆಚ್ಚಗಿನ ಸ್ಥಿತಿ ಬ್ಯಾಕ್ಟೀರಿಯಾಗಳಿಗೆ ಸುಗ್ಗಿ. ಬೆಂದದ್ದನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೊರಗಿನ ಶಾಖ 32 ಡಿಗ್ರಿ ದಾಟಿದರೆ ಒಂದೇ ಗಂಟೆ ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಮಾರ್ಚ್-ಏಪ್ರಿಲ್‌ನಲ್ಲಿ ಬೆಂಗಳೂರಿನ ಮಧ್ಯಾಹ್ನವೇ ಆ ಗೆರೆ ದಾಟುತ್ತದೆ, ಇನ್ನು ಕಲಬುರಗಿ, ರಾಯಚೂರಿನವರಿಗೆ ಹೇಳುವುದೇ ಬೇಡ. ಈಗ ಬಹುಪಾಲು ಮನೆಗಳಲ್ಲಿ ನಡೆಯುವುದನ್ನು ನೋಡಿ: ಎಂಟಕ್ಕೆ ಬಿಸಿಬಿಸಿ ಕೋಳಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತೇವೆ, ಒಂದಕ್ಕೆ ತೆರೆಯುತ್ತೇವೆ. ನಡುವಿನ ಐದು ಗಂಟೆಯಲ್ಲಿ ಹೆಚ್ಚುಪಾಲು ಅದು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ.

‘ನಮ್ಮವ್ವ ಹಾಗೇ ಬುತ್ತಿ ಕಟ್ಟುತ್ತಿದ್ದಳು, ಯಾರಿಗೂ ಏನೂ ಆಗಲಿಲ್ಲ’ ಎನ್ನುವ ಮಾತು ಬಂದೇ ಬರುತ್ತದೆ. ನಮ್ಮವ್ವ ಕಟ್ಟುತ್ತಿದ್ದದ್ದು ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೆಣಸಿನಕಾಯಿ. ಹಬ್ಬಕ್ಕೋ ನೆಂಟರಿಗೋ ಕೊಯ್ದ ಕೋಳಿ ಮನೆಯಲ್ಲೇ, ಆ ಹೊತ್ತಿಗೇ ಮುಗಿಯುತ್ತಿತ್ತು. ಬುತ್ತಿಯೊಳಗೆ ಕೋಳಿ ಬಂದದ್ದು ನಮ್ಮ ಕಾಲಕ್ಕೆ.

ಬಿಸಿ ದಾರಿ ಹಿಡಿದರೆ ನಿರ್ವಾತದ ಸ್ಟೀಲ್ ಫ್ಲಾಸ್ಕೇ ಬೇಕು, ಅಗಲ ಬಾಯಿಯದು. ಮೊದಲು ಅದಕ್ಕೆ ಕುದಿಯುವ ನೀರು ತುಂಬಿ ಹತ್ತು ನಿಮಿಷ ಮುಚ್ಚಿಡಿ. ನೀರು ಚೆಲ್ಲಿದ ತಕ್ಷಣ, ಒಲೆಯ ಮೇಲೆ ಕೊತಕೊತ ಎನ್ನುತ್ತಿರುವ ಸಾರನ್ನು ಕಂಠಮಟ್ಟ ತುಂಬಿ ಮುಚ್ಚಿ. ಅರ್ಧ ತುಂಬಿದ ಫ್ಲಾಸ್ಕು ಬೇಗ ಆರುತ್ತದೆ. ಬಟ್ಟೆಯ ‘ಹಾಟ್ ಬ್ಯಾಗ್’ ನಂಬಬೇಡಿ, ಅದು ಆರುವುದನ್ನು ಸ್ವಲ್ಪ ತಡಮಾಡುತ್ತದೆ ಅಷ್ಟೆ, ಎಂದರೆ ಉಗುರುಬೆಚ್ಚಗಿನ ಹೊತ್ತನ್ನೇ ಉದ್ದ ಮಾಡುತ್ತದೆ.

ತಣ್ಣನೆಯ ದಾರಿ ನನಗೆ ಹೆಚ್ಚು ಮೆಚ್ಚು. ರಾತ್ರಿಯೇ ಕೋಳಿ ಬೇಯಿಸಿ, ಅಗಲವಾದ ತಟ್ಟೆಗೆ ಹರಡಿ, ಆರುತ್ತಿದ್ದಂತೆ ಫ್ರಿಜ್ಜಿಗೆ. ಬೆಳಿಗ್ಗೆ ಬಿಸಿ ಮಾಡುವ ಗೋಜಿಗೇ ಹೋಗದೆ ತಣ್ಣಗಿದ್ದ ಹಾಗೇ ಡಬ್ಬಿಗೆ. ಹಿಂದಿನ ದಿನ ಫ್ರೀಜರಿನಲ್ಲಿಟ್ಟ ಅರ್ಧ ಲೀಟರಿನ ನೀರಿನ ಬಾಟಲಿಯನ್ನು ಡಬ್ಬಿಗೆ ಒತ್ತಿಕೊಂಡಿರುವಂತೆ ದಪ್ಪ ಚೀಲದಲ್ಲಿ ಇಡುತ್ತೇನೆ. ಗಡ್ಡೆ ಕಟ್ಟುವಾಗ ನೀರು ಉಬ್ಬುತ್ತದೆ, ಬಾಟಲಿ ಪೂರ್ತಿ ತುಂಬಬಾರದು. ಊಟದ ಹೊತ್ತಿಗೆ ಅದು ಕರಗಿ ತಣ್ಣನೆಯ ಕುಡಿಯುವ ನೀರು. ಓವನ್ ಇರುವವರು ಅಲ್ಲಿ ಹೊಗೆಯಾಡುವಷ್ಟು ಬಿಸಿ ಮಾಡಿಕೊಂಡರಾಯಿತು, ಇಲ್ಲದವರಿಗೆ ತಣ್ಣಗೇ ರುಚಿಸುವ ಅಡುಗೆ ಬೇಕು. ಅಂಥವು ಇವೆ, ಮುಂದೆ ಹೇಳುತ್ತೇನೆ.

3. ಎದೆಗಿಂತ ತೊಡೆ ಮೇಲು

ಬೋನ್‌ಲೆಸ್ ಅಂದರೆ ಅಂಗಡಿಯವರು ಕೇಳದೆಯೇ ಎದೆ ತೂಗುತ್ತಾರೆ. ‘ಅಣ್ಣಾ, ತೊಡೆದು ಬೋನ್‌ಲೆಸ್ ಮಾಡಿಕೊಡಿ’ ಎಂದು ಬಾಯಿಬಿಟ್ಟು ಕೇಳಬೇಕು. ಭಾನುವಾರದ ನೂಕುನುಗ್ಗಲಿನಲ್ಲಿ ಅವರ ಮುಖ ಹುಳ್ಳಗಾಗುತ್ತದೆ, ಆದರೂ ಕೇಳಬೇಕು. ತೊಡೆಯಲ್ಲಿ ಕೊಬ್ಬೂ ಇದೆ, ಬೆಂದಾಗ ಕರಗುವ ಅಂಟೂ ಇದೆ. ಆರಿದರೂ, ಮತ್ತೆ ಬಿಸಿ ಮಾಡಿದರೂ ಮೆತ್ತಗಿರುತ್ತದೆ. ಎದೆ ಎರಡನೇ ಬಿಸಿಗೆ ನಾರುನಾರು. ಜಿಮ್ಮಿಗೆ ಹೋಗುವ ಮಗ ಪ್ರೋಟೀನ್ ಲೆಕ್ಕ ತೆಗೆಯುತ್ತಾನೆ: ಬೆಂದ ಎದೆಯ 100 ಗ್ರಾಂನಲ್ಲಿ 30 ಗ್ರಾಂ ಹತ್ತಿರ, ತೊಡೆಯಲ್ಲಿ 25ರ ಆಸುಪಾಸು. ಇನ್ನೊಂದು ತುಂಡು ಹಾಕಿದರೆ ಆ ಅಂತರ ಮುಗಿಯಿತು.

ಎದೆಯೇ ಬೇಕು ಅನ್ನುವವರು ನಾರಿಗೆ ಅಡ್ಡಲಾಗಿ ಕತ್ತರಿಸಿ, ಉಪ್ಪು, ಮೊಸರು, ಅರಿಶಿನ ಹಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಉಪ್ಪು ಮಾಂಸದೊಳಗಿನ ನೀರನ್ನು ಹಿಡಿದಿಡುತ್ತದೆ. ಒಳಭಾಗ 74 ಡಿಗ್ರಿ ಮುಟ್ಟಿದರೆ ಕೋಳಿ ಬೆಂದ ಹಾಗೆ. ಎದೆಯನ್ನು ಅದಕ್ಕಿಂತ ಹೆಚ್ಚು ಕಾಡಿಸಬಾರದು. ಅಡುಗೆಮನೆಯ ಥರ್ಮಾಮೀಟರ್ ಕೊಳ್ಳುವುದು ಶೋಕಿ ಅಲ್ಲ, ಒಂದು ಒಳ್ಳೆಯ ಸೌಟಿನಷ್ಟೇ ಅಗತ್ಯದ್ದು.

ಬರೀ ಉಪ್ಪು ಹಾಕಿ ಬೇಯಿಸಿದ ‘ಡಯಟ್’ ಕೋಳಿ ಮೂರನೇ ದಿನಕ್ಕೆ ಒಂದು ಥರ ಹಳಸಲು ವಾಸನೆ ಹೊಡೆಯುತ್ತದಲ್ಲ, ಅದು ಕೆಟ್ಟಿದ್ದಕ್ಕೇ ಬರಬೇಕೆಂದಿಲ್ಲ. ಬೆಂದ ಮಾಂಸದ ಕೊಬ್ಬು ಗಾಳಿಯ ಆಮ್ಲಜನಕದ ಜೊತೆ ಸೇರಿ ಕಮಟುವ ವಾಸನೆ. ಮೆಣಸು, ಲವಂಗ, ಅರಿಶಿನ, ಬೆಳ್ಳುಳ್ಳಿ ಇದನ್ನು ತಡೆಯುತ್ತವೆ. ಮಸಾಲೆ ಬೇಡ ಎನ್ನುವ ಆರೋಗ್ಯವಂತರು ಇಷ್ಟನ್ನಾದರೂ ಗಮನಿಸಲಿ. ನಾಟಿ ಕೋಳಿಯನ್ನು ಡಬ್ಬಿಗೆ ತರಬೇಡಿ. ಅದರ ಮಾಂಸ ಗಟ್ಟಿ, ಅದರ ಬಂಡವಾಳವೆಲ್ಲ ಸಾರಿನಲ್ಲಿ. ಮನೆಯಲ್ಲಿ ಮುದ್ದೆಯ ಜೊತೆ ಅದಕ್ಕೆ ನ್ಯಾಯ ಸಲ್ಲಿಸಿ.

4. ಕಾಯಿಗೆ ರಜೆ ಕೊಡಿ

ನಮ್ಮ ಕಡೆ ಹಸಿ ಮಸಾಲೆಗೆ ತೆಂಗಿನಕಾಯಿ ಬೇಕೇಬೇಕು. ಡಬ್ಬಿಗೆ ಮಾತ್ರ ಬೇಡ. ಬೇರೆ ಎಲ್ಲಕ್ಕಿಂತ ಮೊದಲು ಹುಳಿಯುವುದು ಕಾಯಿ. ಅದರ ಬದಲು ಈರುಳ್ಳಿಯನ್ನು ನೀರೆಲ್ಲ ಇಂಗುವವರೆಗೆ ಹುರಿದು, ಮೆಣಸು, ಧನಿಯ, ಜೀರಿಗೆ ಹುರಿದು ಪುಡಿ ಮಾಡಿ, ಕೊನೆಗೆ ಒಂದು ಚಮಚ ಹುರಿಗಡಲೆ ಪುಡಿ ಉದುರಿಸುತ್ತೇನೆ. ಉಳಿದ ರಸವನ್ನೆಲ್ಲ ಅದು ಹೀರಿಕೊಂಡು ಮಸಾಲೆಯನ್ನು ತುಂಡಿಗೆ ಅಂಟಿಸುತ್ತದೆ. ಡಬ್ಬಿ ಮಗುಚಿದರೂ ಚೀಲಕ್ಕೆ ಏನೂ ಆಗುವುದಿಲ್ಲ.

ಮೆಣಸಿನ ಕೋಳಿಗೆ ಕೊಡಗಿನವರ ಕಾಚಂಪುಳಿ ಎರಡು ಹನಿ ಹಾಕಿದರೆ ತಣ್ಣಗೆ ತಿಂದಾಗಲೂ ರುಚಿ ಎದ್ದು ನಿಲ್ಲುತ್ತದೆ. ಆರಿದ ಆಹಾರದಲ್ಲಿ ಉಪ್ಪು-ಖಾರ ಮಂಕಾಗುತ್ತದೆ, ಹುಳಿ ಅಷ್ಟು ಮಂಕಾಗುವುದಿಲ್ಲ. ಕಾಚಂಪುಳಿ ಇಲ್ಲದಿದ್ದರೆ ನಿಂಬೆಹಣ್ಣು, ಆದರೆ ಹೋಳನ್ನು ಬೇರೆಯಾಗಿ ಕಟ್ಟಿ, ತಿನ್ನುವಾಗ ಹಿಂಡಿಕೊಳ್ಳಲಿ. ಹುಳಿ ಹಾಕಿದ್ದೇನೆ, ಇನ್ನು ಕೆಡುವುದಿಲ್ಲ ಎಂದುಕೊಂಡು ಐಸ್ ಬಾಟಲಿ ಬಿಡಬೇಡಿ.

ಕುಂದಾಪುರದ ಘೀ ರೋಸ್ಟ್ ನನಗೆ ಪ್ರಾಣ. ಡಬ್ಬಿಯಲ್ಲಿ ಅದು ದಂಡ. ತಣ್ಣಗಾದಾಗ ತುಪ್ಪ ಹೆಪ್ಪುಗಟ್ಟಿ ತುಂಡಿನ ಮೇಲೆ ಮೇಣದ ಹಾಗೆ ಕೂರುತ್ತದೆ. ತಣ್ಣನೆಯ ಡಬ್ಬಿಗೆ ಏನೇ ಮಾಡಿದರೂ ಎಣ್ಣೆಯಲ್ಲೇ ಮಾಡಿ. ಕಬಾಬಿಗೂ ನನ್ನ ಮತವಿಲ್ಲ. ಅದರ ಬಾಳೆಲ್ಲ ಎಣ್ಣೆಯಿಂದ ತೆಗೆದ ಮೊದಲ ಹತ್ತು ನಿಮಿಷ.

5. ಜೊತೆಗೆ ಏನು

ಅನ್ನದ ಬಗ್ಗೆ ಜನಕ್ಕೆ ಭಯವೇ ಇಲ್ಲ, ಇರಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಬೆಂದರೂ ಸಾಯುವುದಿಲ್ಲ. ಬೆಚ್ಚಗೆ ಬಿಟ್ಟರೆ ಮೊಳೆತು ವಿಷ ಉಗುಳುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಕೋಳಿ ಪಲಾವ್ ಮಾಡಿದ ರಾತ್ರಿ ಕುಕ್ಕರಿನಲ್ಲೇ ಬಿಟ್ಟು ಮಲಗುವಂತಿಲ್ಲ. ತಟ್ಟೆಗೆ ಹರಡಿ ಒಂದು ಗಂಟೆಯೊಳಗೆ ಫ್ರಿಜ್ಜು ಸೇರಿಸಬೇಕು. ಫ್ರಿಜ್ಜಿನ ಅನ್ನ ತಣ್ಣಗೆ ತಿನ್ನಲು ಬಿರುಸು, ಅದಕ್ಕೇ ಅನ್ನದ ಡಬ್ಬಿ ಓವನ್ ಇರುವ ಹೆಂಡತಿಗೆ ಮಾತ್ರ.

ಮುದ್ದೆ ಡಬ್ಬಿಗೆ ಒಗ್ಗುವುದಿಲ್ಲ, ಅದರ ಬಗ್ಗೆ ಮಾತು ಬೆಳೆಸಿ ಉಪಯೋಗವಿಲ್ಲ. ರಾಗಿ ಬಿಡಲಾಗದವರು ಕುದಿಯುವ ನೀರಿನಲ್ಲಿ ಹಿಟ್ಟು ಕಲಸಿ ರೊಟ್ಟಿ ತಟ್ಟಿದರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ರಾಗಿಯ 100 ಗ್ರಾಂ ಹಿಟ್ಟಿನಲ್ಲಿ 350 ಮಿಲಿಗ್ರಾಂ ಹತ್ತಿರ ಸುಣ್ಣದಂಶ ಇದೆ, ಬಿಡುವುದೇಕೆ?

ಹೊರಗೆ ಒಯ್ಯುವ ಊಟದ ವಿಷಯದಲ್ಲಿ ನಮಗಿಂತ ಬುದ್ಧಿವಂತರು ಎರಡು ಕಡೆ ಇದ್ದಾರೆ. ಮಂಗಳೂರಿನವರ ಕೋರಿ ರೊಟ್ಟಿ: ಹಪ್ಪಳದಂತೆ ಗರಿಗರಿಯಾದ ಅಕ್ಕಿ ರೊಟ್ಟಿ ಪೊಟ್ಟಣದಲ್ಲಿ, ಕೋಳಿ ಸಾರು ಬೇರೆ ಪಾತ್ರೆಯಲ್ಲಿ, ಎರಡೂ ಸೇರುವುದು ತಟ್ಟೆಯಲ್ಲಿ. ಅದರ ಸಾರಿಗೆ ಕಾಯಿಹಾಲು ಇರುವುದರಿಂದ ಫ್ಲಾಸ್ಕೇ ಆಗಬೇಕು. ಉತ್ತರ ಕರ್ನಾಟಕದವರ ಖಡಕ್ ಜೋಳದ ರೊಟ್ಟಿ ಇನ್ನೊಂದು: ವಾರಗಟ್ಟಲೆ ಕೆಡದು, ಒಣ ಕೋಳಿಗೂ ಸೈ, ಸಾರಿಗೂ ಸೈ. ಒಣಗಿದ್ದು ಕೆಡುವುದಿಲ್ಲ, ಒದ್ದೆಯಾದದ್ದನ್ನು ಕೊನೆಯ ಗಳಿಗೆಯವರೆಗೆ ಬೇರೆ ಇಡು ಅನ್ನುವ ತಿಳಿವಳಿಕೆ ಯಾವ ಪುಸ್ತಕವೂ ಇಲ್ಲದೆ ಅಲ್ಲಿ ಬೆಳೆದಿದೆ.

ಮಗನಿಗೆ ಚಪಾತಿ ಸುರುಳಿ. ಕಾವಲಿಯ ಮೇಲೆ ಚಪಾತಿಗೆ ಒಂದು ಮೊಟ್ಟೆ ಒಡೆದು ಹರಡಿ ಬೇಯಿಸಿಕೊಂಡರೆ ಮಸಾಲೆಯ ತೇವ ಚಪಾತಿಗೆ ಇಳಿಯದಂತೆ ಮೊಟ್ಟೆಯ ಪದರವೇ ತಡೆಯುತ್ತದೆ. ಮೇಲೆ ಕೋಸಿನ ಎಳೆ, ಅದರ ಮೇಲೆ ಕೋಳಿ. ಬಟರ್ ಪೇಪರಿನಲ್ಲಿ ಬಿಗಿಯಾಗಿ ಸುತ್ತಿದರೆ ನಡೆಯುತ್ತಲೂ ತಿನ್ನಬಹುದು. ಮೆಟ್ರೋದಲ್ಲಿ ಬೇಡ, ಅಲ್ಲಿ ತಿನ್ನುವಂತಿಲ್ಲ.

6. ಡಬ್ಬಿಗೆ ಮೊದಲು ತರಕಾರಿ

ಕೋಳಿ ಇದ್ದ ದಿನ ತರಕಾರಿಗೆ ಜಾಗ ಸಿಗುವುದಿಲ್ಲ. ಅನ್ನ ಅರ್ಧ ಡಬ್ಬಿ, ಕೋಳಿ ಉಳಿದರ್ಧ, ಮೂಲೆಯಲ್ಲಿ ಎರಡು ಸೌತೆಕಾಯಿ ಬಿಲ್ಲೆ. ಇದು ಸಮತೋಲನದ ಊಟ ಅಂದುಕೊಳ್ಳುತ್ತೇವೆ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಹೇಳುವುದು ಅರ್ಧ ತಟ್ಟೆ ತರಕಾರಿ, ಸೊಪ್ಪು, ಹಣ್ಣು ಇರಲಿ ಎಂದು; ಧಾನ್ಯದಿಂದ ಬರುವ ಶಕ್ತಿ ಶೇ 45 ದಾಟದಿರಲಿ ಎಂದು. ಪ್ರೋಟೀನಿನ ಬಗ್ಗೆ ಅದೇ ಸಂಸ್ಥೆಗಳ ಲೆಕ್ಕ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. 60 ಕಿಲೋ ತೂಗುವವರಿಗೆ ಇಡೀ ದಿನಕ್ಕೆ 50 ಗ್ರಾಂ ಆಯಿತು. ಬೆಂದ ತೊಡೆ 100 ಗ್ರಾಂ ಅಂದರೆ ಅದರಲ್ಲಿ ಅರ್ಧ. ಅಂದರೆ ಐದಾರು ತುಂಡು ಸಾಕು, ಡಬ್ಬಿ ತುಂಬ ಕೋಳಿ ಬೇಕಿಲ್ಲ.

ಉಪದೇಶದಿಂದ ಆಗದ್ದು ತುಂಬುವ ಸರದಿ ಬದಲಿಸಿದ್ದರಿಂದ ಆಯಿತು. ಮೊದಲು ಬೀನ್ಸ್ ಪಲ್ಯವೋ ಕೋಸಿನ ಪಲ್ಯವೋ ಅರ್ಧ ಡಬ್ಬಿಗೆ, ಆಮೇಲೆ ಕೋಳಿ, ಮಿಕ್ಕ ಜಾಗಕ್ಕೆ ಅನ್ನ. ಇನ್ನೊಂದು ಉಪಾಯ ತರಕಾರಿಯನ್ನು ಕೋಳಿಯೊಳಗೇ ಸೇರಿಸುವುದು. ಮೆಂತ್ಯ ಸೊಪ್ಪಿನ ಕೋಳಿ, ದಪ್ಪ ಮೆಣಸಿನಕಾಯಿ ಹಾಕಿದ ಮೆಣಸಿನ ಕೋಳಿ, ಅವರೆ ಕಾಲದಲ್ಲಿ ಹಿದುಕಿದ ಬೇಳೆ ಹಾಕಿದ ಖೈಮಾ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಕಷ್ಟ. ಜೊತೆಗೆ ಮಾಂಸವೋ ನಿಂಬೆಹುಳಿಯೋ ಇದ್ದರೆ ಚೆನ್ನಾಗಿ ಹತ್ತುತ್ತದೆ. ಊಟವಾದ ತಕ್ಷಣ ಟೀ ಕುಡಿದರೆ ಆ ಲಾಭ ಕಡಿಮೆ. ನನ್ನ ಸೈಟಿನಲ್ಲಿ ಈ ಮಾತಿಗೆ ಯಾರೂ ಕಿವಿಗೊಡುವುದಿಲ್ಲ.

ಕೋಸಂಬರಿ ಕಟ್ಟುವುದಾದರೆ ಉಪ್ಪು ಬೇರೆ. ಮೊದಲೇ ಬೆರೆಸಿದರೆ ಮಧ್ಯಾಹ್ನಕ್ಕೆ ಸೌತೆಕಾಯಿ ನೀರು ಬಿಟ್ಟು ಪಾಯಸ.

7. ಭಾನುವಾರದ ಕೋಳಿ, ಮಂಗಳವಾರದ ಡಬ್ಬಿ

ವಾರದ ಲೆಕ್ಕ ಹಾಕುವಾಗ ದೇವರನ್ನೂ ಸೇರಿಸಿಕೊಳ್ಳಬೇಕು. ನಮ್ಮಲ್ಲಿ ಸೋಮವಾರ, ಶನಿವಾರ ಬಾಡು ಮುಟ್ಟುವುದಿಲ್ಲ. ಕೆಲವರಿಗೆ ಗುರುವಾರವೂ ಇಲ್ಲ. ಶ್ರಾವಣ ಬಂದರೆ ಇಡೀ ತಿಂಗಳು ರಜೆ. ಭಾನುವಾರ ತಂದು ಬೇಯಿಸಿದ್ದಕ್ಕೆ ಸೋಮವಾರ ಕೈ ಹಾಕುವಂತಿಲ್ಲ, ಮಂಗಳವಾರಕ್ಕೆ ಅದು ಮೂರನೇ ದಿನ. ಬೆಂದ ಕೋಳಿ ಸರಿಯಾದ ಫ್ರಿಜ್ಜಿನಲ್ಲಿ ಮೂರರಿಂದ ನಾಲ್ಕು ದಿನ ಇರಬಹುದು ಅನ್ನುತ್ತಾರೆ, ಆದರೆ ಕರೆಂಟು ಹೋಗಿ ಬಂದು ಮಾಡುವ ನಮ್ಮ ಬಡಾವಣೆಯ ಫ್ರಿಜ್ಜಿನ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಹಾಗಾಗಿ ಭಾನುವಾರದ್ದು ಆರಿದ ಕೂಡಲೇ ಒಬ್ಬೊಬ್ಬರ ಪಾಲಿನ ಪೊಟ್ಟಣ ಮಾಡಿ, ಚಪ್ಪಟೆಯಾಗಿ ಒತ್ತಿ ಫ್ರೀಜರಿಗೆ. ಸೋಮವಾರ ರಾತ್ರಿ ಅದನ್ನು ಕೆಳಗಿನ ಅರೆಗೆ ಇಳಿಸಿದರೆ ಬೆಳಗಾಗುವಷ್ಟರಲ್ಲಿ ಕರಗಿರುತ್ತದೆ. ಅಡುಗೆಕಟ್ಟೆಯ ಮೇಲೆ ಕರಗಿಸಬೇಡಿ. ಒಳಗೆ ಗಡ್ಡೆ ಇರುವಾಗಲೇ ಹೊರಗೆ ಬೆಚ್ಚಗಾಗಿರುತ್ತದೆ. ಆಲೂಗಡ್ಡೆ ಹಾಕಿದ್ದನ್ನು ಫ್ರೀಜ್ ಮಾಡಬೇಡಿ, ಮರಳುಮರಳಾಗುತ್ತದೆ.

ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಉಜ್ಜಿ ತೊಳೆಯುವುದನ್ನು ನಮ್ಮವರು ಬಿಡಲಾರರು. ಸಿಡಿದ ನೀರು ಪಕ್ಕದ ಕೊತ್ತಂಬರಿ ಕಟ್ಟಿನ ಮೇಲೂ ಕೂರುತ್ತದೆ, ಆ ಕೊತ್ತಂಬರಿ ಬೇಯದೆಯೇ ಡಬ್ಬಿ ಸೇರುತ್ತದೆ. ತೊಳೆಯಲೇಬೇಕೆಂದರೆ ಪಾತ್ರೆಯಲ್ಲಿ ನೀರು ಹಾಕಿ ಸಿಡಿಯದಂತೆ ತೊಳೆಯಿರಿ. ತರಕಾರಿ ಮೊದಲು ಹೆಚ್ಚಿ ಮುಚ್ಚಿಟ್ಟು, ಆಮೇಲೆ ಕೋಳಿಗೆ ಕೈ ಹಾಕಿ.

8. ಆಪತ್ತಿಗೆ ಖೈಮಾ

ಫ್ರೀಜರಿನಲ್ಲಿ ಹುರಿದ ಖೈಮಾದ ಎರಡು ಪೊಟ್ಟಣ ಸದಾ ಇರಲಿ. ಬೇಗ ಕರಗುತ್ತದೆ, ಮೂಳೆ ಇಲ್ಲ, ಚಪಾತಿಗೆ, ಬ್ರೆಡ್ಡಿಗೆ, ಅನ್ನಕ್ಕೆ ಎಲ್ಲಕ್ಕೂ ಹೊಂದುತ್ತದೆ. ಅಂಗಡಿಯಲ್ಲಿ ಮೊದಲೇ ಅರೆದಿಟ್ಟದ್ದನ್ನು ಕೊಳ್ಳಬೇಡಿ, ಕಣ್ಣೆದುರು ಅರೆಸಿ.

9. ಪಾತ್ರೆ

ಫ್ಲಾಸ್ಕು ಬಿಟ್ಟರೆ ನನ್ನ ಆಯ್ಕೆ ಸ್ಟೀಲು. ಬಿದ್ದರೆ ಒಡೆಯದು, ಅರಿಶಿನ ಹಿಡಿಯದು. ಸ್ಟೀಲನ್ನು ಮೈಕ್ರೋವೇವಿಗೆ ಇಡುವಂತಿಲ್ಲವಾದ್ದರಿಂದ ಹೆಂಡತಿಗೆ ಗಾಜಿನದು. ಹುಳಿ ಇರುವುದನ್ನು ಅಲ್ಯೂಮಿನಿಯಂ ಡಬ್ಬಿಗೆ ಹಾಕಬೇಡಿ.

10. ಪಕ್ಕದವರ ಮೂಗು

ಆಫೀಸುಗಳಲ್ಲಿ ಕೋಳಿ ಡಬ್ಬಿ ತೆರೆಯುವವರು ಮೂಲೆ ಹುಡುಕುವುದನ್ನು ನೋಡಿದ್ದೇನೆ. ಎದುರಿಗೆ ಕೂತವರು ಸಸ್ಯಾಹಾರಿಗಳಾದರೆ ಚಮಚ ಬೆರೆಸದಿರುವುದು, ಓವನ್ನಿನಲ್ಲಿ ಮುಚ್ಚಳ ಹಾಕಿ ಬಿಸಿ ಮಾಡುವುದು, ಸಿಡಿದದ್ದನ್ನು ಒರೆಸುವುದು, ಇಷ್ಟು ಮರ್ಯಾದೆ ಸಾಕು. ಊಟಕ್ಕಾಗಿ ಮುಖ ಸಣ್ಣ ಮಾಡಿಕೊಳ್ಳಬೇಕಿಲ್ಲ. ಹೆಂಡತಿಯ ಡ್ಯೂಟಿ ರೂಮಿನಲ್ಲಿ ಒಂದೇ ಮೇಜಿನ ಮೇಲೆ ಬಿಸಿಬೇಳೆ ಬಾತೂ ಇರುತ್ತದೆ, ಮೆಣಸಿನ ಕೋಳಿಯೂ ಇರುತ್ತದೆ, ಮಾತೂ ನಡೆಯುತ್ತದೆ. ಮಗನ ಕಡೆ ತೊಂದರೆ ಬೇರೆ: ಅವನ ಡಬ್ಬಿಯಲ್ಲಿ ನಾಲ್ಕು ಜನದ ಕೈ. ಅದಕ್ಕೆ ಕಂಡುಕೊಂಡ ಪರಿಹಾರ ಒಂದು ಸುರುಳಿ ಹೆಚ್ಚಿಗೆ ಕಟ್ಟುವುದು.

11. ಮರಳಿ ಬಂದ ಡಬ್ಬಿ

ಸಂಜೆ ಡಬ್ಬಿ ತೆರೆದು ಏನು ಉಳಿದಿದೆ ನೋಡಿ, ಯಾರನ್ನೂ ಏನೂ ಕೇಳಬೇಡಿ. ಉದ್ದುದ್ದ ಹೆಚ್ಚಿದ ಕ್ಯಾರೆಟ್ ಹಾಗೇ ಬರುತ್ತಿತ್ತು, ತುರಿದು ನಿಂಬೆಹುಳಿ ಕೊಟ್ಟರೆ ಖಾಲಿ. ಕೋಳಿ ಉಳಿದಿದ್ದರೆ ಹೊಟ್ಟೆ ಉರಿದರೂ ಬಿಸಾಡಿ. ಇಡೀ ದಿನ ಸುತ್ತಿ ಬಂದದ್ದನ್ನು ಮತ್ತೆ ಫ್ರಿಜ್ಜಿಗೆ ಸೇರಿಸಬಾರದು. ಡಬ್ಬಿ ತೊಳೆಯುವಾಗ ಮುಚ್ಚಳದ ರಬ್ಬರು ಬಳೆಯನ್ನು ಬಿಡಿಸಿ ತೆಗೆಯಿರಿ. ಕೋಳಿಯ ಜಿಡ್ಡು, ವಾಸನೆ ಎಲ್ಲ ಅಡಗಿ ಕೂರುವುದು ಅದರ ಸಂದಿಯಲ್ಲಿ. ಬಿಸಿನೀರಿಗೆ ಸೋಪು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಪೂರ್ತಿ ಒಣಗಿದ ಮೇಲೆ ಮತ್ತೆ ಕೂರಿಸಿ. ಸಡಿಲವಾಗಿದ್ದರೆ ಪಾತ್ರೆ ಅಂಗಡಿಯಲ್ಲಿ ಬರೀ ಬಳೆ ಸಿಗುತ್ತದೆ, ಡಬ್ಬಿಯನ್ನೇ ಒಯ್ದು ಅಳತೆ ನೋಡಿ ತನ್ನಿ.